ಆಲ್ಬುಮಿನ್, ಗ್ಲಾಬ್ಯುಲಿನ್ ಮತ್ತು ಒಬ್ಬ ಚಾಡಿಕೋರ

ಮಾರ್ಚ್ ೪, ಮಂಗಳವಾರ

ಇಂದು ನನ್ನನ್ನು ಆಕಾಶದಿಂದ ಕೆಳಗಿಳಿಸಲಾಯಿತು.

ಅರ್ಧ ಆಯುಷ್ಯವನ್ನು ಕ್ರೇನಿನ ಕ್ಯಾಬಿನ್ನಿನಲ್ಲಿ ಕಳೆದು, ನೆಲದ ಮೇಲೆ ಬಿದ್ದುಕೊಂಡಿದ್ದ ಕಬ್ಬಿಣವನ್ನೂ ಕಾಂಕ್ರೀಟನ್ನೂ ಎತ್ತಿ ಎತ್ತಿ ಊರಿಗೆ ಮಹಡಿಗಳನ್ನು ದಯಪಾಲಿಸಿದ ಮಹಾನುಭಾವನನ್ನು, ಅಂಗೈಯಗಲದ ಒಂದು ವಾಕಿಟಾಕಿ ಇಳಿಸಿಬಿಟ್ಟಿತು. ಆ ವಾಕಿಟಾಕಿಯ ಹಿಂದೆ ಒಂದು ಬಾಯಿ ಇದೆ. ಅದಕ್ಕೆ ನಾನು ತುತ್ತೂರಿ ಎಂದು ಹೆಸರಿಟ್ಟು ಬಹಳ ಕಾಲವಾಯಿತು. ಕೆಳಗೆ ನಿಂತು ನನ್ನ ಕಣ್ಣಾಗಿರುವುದು ಅವನ ಉದ್ಯೋಗ. ನನಗೆ ಮೇಲಿನಿಂದ ಕಾಣದ ಮೂಲೆಯಲ್ಲಿ ಹೊರೆ ಇಳಿಯುವಾಗ ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಹಾಂ, ಸಾಕು’ ಎಂದು ಊದುತ್ತಿರಬೇಕು. ಇಷ್ಟು ವರ್ಷ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ. ಎಷ್ಟೋ ದಾಂಪತ್ಯಗಳು ಇದಕ್ಕಿಂತ ಕಡಿಮೆ ಮಾತಿನಲ್ಲಿ ನಡೆಯುತ್ತವೆಂದು ಕೇಳಿದ್ದೇನೆ. ನಾನು ಮದುವೆಯಾದವನಲ್ಲ, ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ ಕಂಬಿಯ ಕಟ್ಟೊಂದು ಕೊಕ್ಕೆಯಲ್ಲಿ ತೂಗುತ್ತಿತ್ತು. ತುತ್ತೂರಿ ಮೂರು ಸಲ ಕರೆದನಂತೆ. ನಾನು ಉತ್ತರಿಸಲಿಲ್ಲವಂತೆ. ನಾಲ್ಕನೆಯ ಸಲ ಉತ್ತರಿಸಿದ್ದು ಮಾತ್ರ ಯಾರಿಗೂ ನೆನಪಿಲ್ಲ. ಇಂದು ಬೆಳಿಗ್ಗೆ ಏಣಿಯ ಬುಡಕ್ಕೆ ಹೋದರೆ ಸೇಫ್ಟಿ ಆಫೀಸರ್ ಅಡ್ಡ ನಿಂತಿದ್ದ. ಊಟಕ್ಕೆ ಕೂತಾಗಲೂ ಹೆಲ್ಮೆಟ್ ತೆಗೆಯದ ಈತನನ್ನು ಸೈಟಿನಲ್ಲಿ ಎಲ್ಲರೂ ಹೆಲ್ಮೆಟ್ ಎಂದೇ ಕರೆಯುವುದು.

“ಏನ್ರೀ, ಮೇಲೆ ನಿದ್ದೆ ಮಾಡ್ತಿದ್ರಾ?”

“ಯೋಚನೆ ಮಾಡ್ತಿದ್ದೆ.”

“ಯೋಚನೆ ಮಾಡೋಕೆ ಇಂಜಿನಿಯರ್ ಇದಾರೆ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ ಹತ್ರ ಫಿಟ್ ಅಂತ ಬರೆಸ್ಕೊಂಡು ಬನ್ನಿ. ಅಲ್ಲೀವರೆಗೂ ಈ ಏಣಿ ಮುಟ್ಟಬೇಡಿ.”

ಕಣ್ಣಿಗೆ ಒಂದು ಕ್ಷಣ ಕತ್ತಲೆ ಕವಿದದ್ದು ನಿಜ. ಅದನ್ನು ಇಲ್ಲಿ ಬರೆಯುತ್ತೇನೆ, ಹೆಲ್ಮೆಟ್ಟಿಗೆ ಹೇಳುವುದಿಲ್ಲ. ತುತ್ತೂರಿಗಂತೂ ಸತ್ತರೂ ಹೇಳುವುದಿಲ್ಲ.

ಗೇಟಿನ ಬಳಿ ಅವನೇ ಎದುರಾದ. “ಅಣ್ಣಾ, ತಪ್ಪು ತಿಳ್ಕೋಬೇಡ. ಕಂಬಿ ಕೆಳಗೆ ಜನ ಇದ್ರು.”

ಚಾಡಿ ಹೇಳಿದವನು ಚಾಡಿ ಹೇಳಿಸಿಕೊಂಡವನನ್ನು ಅಣ್ಣ ಎನ್ನಬಾರದೆಂದು ಒಂದು ಕಾನೂನು ಬರಬೇಕು. ಗೇಟು ದಾಟಿ ಬಂದೆ.

ಮಾರ್ಚ್ ೭, ಶುಕ್ರವಾರ

ಲ್ಯಾಬಿನ ಹುಡುಗಿ ನನ್ನ ತೋಳಿಗೆ ರಬ್ಬರು ಬಿಗಿದು, ನರ ಸಿಗದೆ, ಮೊಣಕೈ ಒಳಗೆ ಕಳೆದುಹೋದ ಕಿವಿಯೋಲೆ ಹುಡುಕುವವಳ ಹಾಗೆ ತಡಕಾಡಿದಳು. “ನೀರೇ ಕುಡಿದಿಲ್ವಾ ಅಂಕಲ್?” ಎಂದಳು. ಅಂಕಲ್! ನೆಲದ ಮೇಲಿನ ಜನರ ನಾಲಿಗೆಗೆ ಹಿಡಿತವೇ ಇಲ್ಲ.

ಸಂಜೆ ರಿಪೋರ್ಟು ಬಂತು. ಸಕ್ಕರೆ ಸರಿ, ಕೊಬ್ಬು ಸರಿ. ಎಲ್ಲದರ ಮುಂದೆಯೂ ಸಾಧುವಾಗಿ ಅಂಕಿಗಳು ನಿಂತಿವೆ. ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿದೆ: ಒಟ್ಟು ಪ್ರೋಟೀನ್ ಹತ್ತಕ್ಕಿಂತ ಮೇಲೆ. ಎಂಟು ದಾಟಿದರೇ ಜಾಸ್ತಿಯಂತೆ.

ನನಗೆ ಒಳಗೊಳಗೇ ಹೆಮ್ಮೆಯಾಯಿತು. ಪ್ರೋಟೀನ್ ಎಂದರೆ ಶಕ್ತಿ, ಪೈಲ್ವಾನರು ಡಬ್ಬಿಗಟ್ಟಲೆ ಕೊಂಡು ನುಂಗುವ ವಸ್ತು. ನನ್ನಲ್ಲಿ ಅದು ಬಿಟ್ಟಿ ಉಕ್ಕುತ್ತಿದೆ. ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವವಳು. ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ಅವಳ ಮಷೀನಿನದು, ಇನ್ನೊಂದು ನಾವಿಬ್ಬರು ಹಂಚಿಕೊಂಡದ್ದು.

“ಜಾಸ್ತಿ ಆಗದೆ ಏನು?” ಎಂದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. “ದಿನಾ ಎರಡು ಮೊಟ್ಟೆ ನುಂಗ್ತೀಯ. ಕಾಳು ಬೇಯಿಸಿದ್ರೆ ಪಾತ್ರೆ ತಳ ಕಾಣೋವರೆಗೂ ಏಳಲ್ಲ. ನಾಳೆಯಿಂದ ಎಲ್ಲಾ ಬಂದ್.”

ಹೀಗೆ ನನ್ನ ತಟ್ಟೆಯ ಮೇಲೂ ಸೇಫ್ಟಿ ಆಫೀಸರ ನೇಮಕವಾಯಿತು.

ಮಾರ್ಚ್ ೧೦, ಸೋಮವಾರ

ಮೂರು ದಿನದಿಂದ ಅನ್ನ, ಸೊಪ್ಪು. ದನದ ಮೇಲೆ ಗೌರವ ಹೆಚ್ಚಾಗಿದೆ.

ಡಾಕ್ಟರಮ್ಮ ರಿಪೋರ್ಟು ನೋಡಿ, ನಾನು ಮೊಟ್ಟೆಯ ವಿಷಯ ತೆಗೆದ ಕೂಡಲೇ ನಕ್ಕರು. ರೋಗಿಯ ಎದುರು ನಗುವ ಡಾಕ್ಟರು ನನಗೆ ಹಿಡಿಸುವುದಿಲ್ಲ. ರೋಗ ಇಲ್ಲದವನ ಎದುರು ನಗುವವರಂತೂ ಇನ್ನೂ ಹಿಡಿಸುವುದಿಲ್ಲ.

“ತಿನ್ನೋ ಪ್ರೋಟೀನಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಮೊಟ್ಟೆ ತಿಂದ್ರೆ ಇದು ಏರಲ್ಲ. ನಿಮ್ಮ ಅಕ್ಕನಿಗೆ ಹೇಳಿ, ಮೊಟ್ಟೆ ವಾಪಸ್ ಕೊಡೋಕೆ.”

ಈ ಒಂದು ವಾಕ್ಯಕ್ಕಾಗಿ ಅವರನ್ನು ಅರ್ಧ ಕ್ಷಮಿಸಿದೆ. ಮುಂದೆ ಪಾಠ ನಡೆಯಿತು. ರಕ್ತದ ಪ್ರೋಟೀನಿನಲ್ಲಿ ಮುಖ್ಯವಾಗಿ ಎರಡು ಪಂಗಡಗಳಿವೆಯಂತೆ. ಒಂದು ಆಲ್ಬುಮಿನ್. ಲಿವರು ತಯಾರಿಸಿ ಕಳಿಸುತ್ತದೆ. ರಕ್ತದ ನೀರು ನಾಳದಿಂದ ಸೋರಿಹೋಗದಂತೆ ಹಿಡಿದಿಡುವುದು, ಔಷಧಿ ಮುಂತಾದ ಸಾಮಾನು ಹೊರುವುದು ಅದರ ಕೆಲಸ. ಅದು ಕಮ್ಮಿಯಾದರೆ ಲಿವರು ಕೈಕೊಟ್ಟಿದೆ, ಇಲ್ಲವೇ ಕಿಡ್ನಿಯಲ್ಲಿ ಸೋರುತ್ತಿದೆ, ಇಲ್ಲವೇ ಮನುಷ್ಯ ಸರಿಯಾಗಿ ಉಣ್ಣುತ್ತಿಲ್ಲ ಎಂದು ಅನುಮಾನ ಪಡುತ್ತಾರೆ. ಕಾಲು ಊದಿಕೊಳ್ಳುವುದೂ ಉಂಟು. ಇನ್ನೊಂದು ಪಂಗಡ ಗ್ಲಾಬ್ಯುಲಿನ್. ಇದು ಕಾವಲು ಪಡೆ, ರೋಗಾಣುಗಳ ಜೊತೆ ಹೊಡೆದಾಡುವವರು ಇದರಲ್ಲೇ ಇರುತ್ತಾರೆ.

“ನಿಮ್ಮದು ಎರಡೂ ಮೇಲಿದೆ. ಆಲ್ಬುಮಿನ್ ಜಾಸ್ತಿ ಇದೆ ಅಂದ್ರೆ ಸಾಮಾನ್ಯವಾಗಿ ಒಂದೇ ಅರ್ಥ, ಮೈಯಲ್ಲಿ ನೀರಿಲ್ಲ. ದಿನಕ್ಕೆ ಎಷ್ಟು ಕುಡೀತೀರಿ?”

“ಕೆಲಸದ ದಿನ ಕುಡಿಯಲ್ಲ.”

“ಅಂದ್ರೆ?”

ನೆಲದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕು. ಕ್ರೇನಿನ ತುದಿಯಲ್ಲಿ ಪಾಯಿಖಾನೆ ಕಟ್ಟಿಸುವಷ್ಟು ಯಾವ ಕಂಪನಿಯೂ ಉದಾರಿಯಲ್ಲ. ಒಮ್ಮೆ ಇಳಿದು ಹತ್ತುವಷ್ಟರಲ್ಲಿ ಇಡೀ ಸೈಟು ಕೈಕಟ್ಟಿ ಕೂರುತ್ತದೆ, ಲಾರಿಗಳು ಸಾಲುಗಟ್ಟುತ್ತವೆ, ಇಂಜಿನಿಯರ ಮುಖ ಕೆಂಪಾಗುತ್ತದೆ. ಆದ್ದರಿಂದ ಬೆಳಿಗ್ಗೆ ಎದ್ದಾಗಿನಿಂದ ಸಂಜೆ ಇಳಿಯುವವರೆಗೆ ಬಾಯಿ ಒದ್ದೆ ಮಾಡುವಂತಿಲ್ಲ. ಇದು ನಮ್ಮವರ ವ್ರತ. ನನಗೆ ಕೆಲಸ ಕಲಿಸಿದ ಹಿರಿಯ ಒಂದು ಒಣ ಬಿಸ್ಕತ್ತಿನ ಮೇಲೆ ಹಗಲು ನೂಕುತ್ತಿದ್ದ. ನೀರಿನ ಬಾಟಲಿ ಹಿಡಿದು ಏಣಿ ಹತ್ತುವವನನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಡಾಕ್ಟರಮ್ಮ ಈ ಸಲ ನಗಲಿಲ್ಲ. “ಅವತ್ತು ಕಣ್ಣು ಕತ್ತಲೆ ಬಂದಿತ್ತಾ?” ಎಂದರು.

ಹೆಲ್ಮೆಟ್ಟಿಗೆ ಹೇಳದ್ದನ್ನು ಇವರಿಗೆ ಹೇಳಿದೆ. ಬಿಳಿ ಕೋಟು ಹಾಕಿದವರು ಎದುರು ಕೂತರೆ ಬಾಯಿ ತಾನಾಗಿ ಸಡಿಲವಾಗುತ್ತದೆ, ಅದೊಂದು ಮೋಸ.

“ಒಂದು ವಾರ ಚೆನ್ನಾಗಿ ನೀರು ಕುಡೀರಿ. ಮತ್ತೆ ಪರೀಕ್ಷೆ ಮಾಡೋಣ. ಫಿಟ್ ಅಂತ ಬರೆಯೋದು ಆಮೇಲೆ.”

ಮಾರ್ಚ್ ೧೩, ಗುರುವಾರ

ಬುದ್ಧಿ ಎನ್ನುವುದು ಎತ್ತರದಲ್ಲಿ ಕೂತವನಿಗೆ ತಾನಾಗಿ ಬರುತ್ತದೆ. ನೆಲದ ಮೇಲೆ ಕೂತು ನಾನೊಂದು ಉಪಾಯ ಹೂಡಿದ್ದೇನೆ ಎಂಬುದೇ ಅದಕ್ಕೆ ಸಾಕ್ಷಿ. ನೀರಿಲ್ಲದ್ದಕ್ಕೆ ಪ್ರೋಟೀನು ಗಟ್ಟಿಯಾಯಿತು. ಹಾಗಾದರೆ ನೀರು ಹೆಚ್ಚಾದರೆ ತೆಳ್ಳಗಾಗಬೇಕು. ಹಾಲಿನವನು ದಿನಾ ಮಾಡುವ ಕೆಲಸ ಇದು. ಡಾಕ್ಟರಮ್ಮ ಹೇಳಿದ್ದರ ಎರಡರಷ್ಟು ಕುಡಿಯುತ್ತಿದ್ದೇನೆ. ಪರೀಕ್ಷೆಯ ದಿನ ಬೆಳಿಗ್ಗೆ ಇನ್ನೆರಡು ತಂಬಿಗೆ. ಅಂಕಿ ಎಂಟರ ಕೆಳಗೆ ಬಂದು ಬಿದ್ದರೆ ಸಹಿ, ಸಹಿ ಬಿದ್ದರೆ ಏಣಿ.

ಅಕ್ಕ: “ಹೊಟ್ಟೆ ಒಳಗೆ ಕೆರೆ ಕಟ್ಟಿಸ್ತಿದೀಯೇನೋ? ಕುಲುಕಿದ್ರೆ ಸದ್ದು ಬರ್ತಿದೆ.”

ಕಿಟಕಿಯಿಂದ ನನ್ನ ಕ್ರೇನು ಕಾಣುತ್ತದೆ. ಯಾರೋ ಹೊಸಬ ಕೂತಿದ್ದಾನೆ. ತೋಳನ್ನು ಎಷ್ಟು ಜರ್ಕಿನಲ್ಲಿ ತಿರುಗಿಸುತ್ತಾನೆಂದರೆ, ಇಲ್ಲಿ ಕೂತ ನನ್ನ ಕುತ್ತಿಗೆ ಉಳುಕುತ್ತದೆ. ತುತ್ತೂರಿ ಅವನಿಗೂ ‘ಇನ್ನೂ ಸ್ವಲ್ಪ’ ಊದುತ್ತಿರಬೇಕು. ನಿಯತ್ತಿಲ್ಲದವನು.

ಮಾರ್ಚ್ ೧೮, ಮಂಗಳವಾರ

ಸೋತೆ.

ಒಟ್ಟು ಅಂಕಿ ಇಳಿದಿದೆ, ಸುಳ್ಳಲ್ಲ. ಹತ್ತು ಹೋಗಿ ಎಂಟೂ ಮುಕ್ಕಾಲರ ಹತ್ತಿರ ಬಂದಿದೆ. ಆಲ್ಬುಮಿನ್ ಸಂಪೂರ್ಣ ಸರಿಯಾಗಿದೆ. ನಾನು ಕುರ್ಚಿಯಲ್ಲಿ ಮುಂದೆ ಬಂದು ಪೆನ್ನು ಕೂಡ ನೀಡಿದೆ. ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು, ಸಹಿಗೆ ಅಲ್ಲ, ರಿಪೋರ್ಟಿನ ಕೆಳಗಿನ ಒಂದು ಸಾಲಿಗೆ ಗೆರೆ ಎಳೆಯಲು.

“ಬಹಳ ನೀರು ಕುಡಿದಿದೀರಿ ಅಲ್ವಾ?”

“ನೀವೇ ಹೇಳಿದ್ದು.”

“ಇವತ್ತು ಬೆಳಿಗ್ಗೆ?”

“ಬಾಯಾರಿಕೆ ಆಗಿತ್ತು.”

“ನೋಡಿ, ನೀರು ಕುಡಿದ್ರೆ ಎರಡೂ ಒಟ್ಟಿಗೆ ಕಮ್ಮಿ ಆಗುತ್ತೆ. ಆದ್ರೆ ಒಂದಕ್ಕೆ ಇನ್ನೊಂದು ಎಷ್ಟಿದೆ ಅನ್ನೋದನ್ನ ನೀರು ಬದಲಾಯಿಸಲ್ಲ. ಆಲ್ಬುಮಿನ್ ಯಾವಾಗಲೂ ಮುಂದಿರಬೇಕು, ಗ್ಲಾಬ್ಯುಲಿನ್ ಹಿಂದೆ. ನಿಮ್ಮದು ಮೊದಲ ಸಲವೂ ಸಮ ಸಮ ಇತ್ತು. ಈಗಲೂ ಸಮ ಸಮ. ಅವತ್ತೇ ಅನುಮಾನ ಬಂದಿತ್ತು. ನೀರಿನ ವಿಷಯ ಒಂದು ತೀರ್ಮಾನ ಆಗಲಿ ಅಂತ ಕಾದೆ.”

ಇದನ್ನು ಬೇರೆ ಯಾರಿಗೆ ಹೇಳಿದ್ದರೂ ಇನ್ನೊಂದು ಸಲ ವಿವರಿಸಬೇಕಿತ್ತೇನೋ. ನನಗೆ ಬೇಕಾಗಲಿಲ್ಲ, ಅದೇ ಗ್ರಹಚಾರ. ಕ್ರೇನಿಗೆ ಮುಂದೆ ಉದ್ದ ತೋಳು, ಹಿಂದೆ ಗಿಡ್ಡ ತೋಳು. ಗಿಡ್ಡ ತೋಳಿನ ಮೇಲೆ ಎದುರು ತೂಕಕ್ಕೆಂದು ಕಾಂಕ್ರೀಟು ಹೇರಿರುತ್ತಾರೆ. ಎರಡು ಕಡೆಯದೂ ಇಷ್ಟಕ್ಕೆ ಇಷ್ಟು ಎಂದು ಹೊಂದಿದ್ದರೆ ಮಾತ್ರ ಅದು ನಿಲ್ಲುವುದು. ಮಳೆ ಬಂದು ಎರಡೂ ಕಡೆ ನೆನೆದರೆ ಹೊಂದಾಣಿಕೆ ಬದಲಾಗುವುದಿಲ್ಲ. ಒಂದು ಕಡೆ ಯಾರೋ ಗುಟ್ಟಾಗಿ ತೂಕ ಹೇರುತ್ತಿದ್ದರೆ ಮಾತ್ರ ಬದಲಾಗುತ್ತದೆ.

“ಯಾರು ಹೇರ್ತಿದಾರೆ ಮೇಡಂ?”

“ಅದನ್ನೇ ಹುಡುಕಬೇಕು. ಎಷ್ಟೋ ಕಾರಣ ಇರುತ್ತೆ. ಹಳೇ ಸೋಂಕು ಒಳಗೇ ಉಳಿದಿರಬಹುದು, ಲಿವರಿನ ತೊಂದರೆ ಇರಬಹುದು, ಕೀಲಿನ ಉರಿ ಇರಬಹುದು. ಹಾಗಿದ್ದಾಗ ಎಲ್ಲಾ ಥರದ ಕಾವಲುಗಾರರೂ ಜಾಸ್ತಿ ಆಗ್ತಾರೆ. ಇಲ್ಲಾ ಒಂದೇ ಥರದವರು ಜಾಸ್ತಿ ಆಗಿರಬಹುದು.”

“ಒಂದೇ ಥರ ಆದ್ರೆ?”

“ಇನ್ನೊಂದು ಪರೀಕ್ಷೆ ಇದೆ, ಅದರಲ್ಲಿ ಗೊತ್ತಾಗುತ್ತೆ.”

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ನನಗೆ ಅರ್ಥವಾಗುವುದಿಲ್ಲವೆಂದು ತಿಳಿದರೇ?

ಮಾರ್ಚ್ ೨೨, ಶನಿವಾರ

ಎಲೆಕ್ಟ್ರೋಫೊರೆಸಿಸ್. ಹೇಳುವಷ್ಟರಲ್ಲಿ ಇನ್ನೊಂದು ರೋಗ ಬರುವಂಥ ಹೆಸರು. ರಕ್ತದ ತಿಳಿಯನ್ನು ಒಂದು ಅಂಟಿನ ಹಾಳೆಯ ಮೇಲಿಟ್ಟು ಕರೆಂಟು ಕೊಟ್ಟರೆ ಪ್ರೋಟೀನುಗಳೆಲ್ಲ ಓಟಕ್ಕಿಳಿಯುತ್ತವಂತೆ. ಯಾರು ಎಷ್ಟು ದೂರ ಓಡಿದರು, ಎಷ್ಟು ಮಂದಿ ಎಲ್ಲಿ ನಿಂತರು ಎಂಬುದನ್ನು ಗೆರೆಯಲ್ಲಿ ಬರೆದುಕೊಡುತ್ತಾರೆ. ಆಲ್ಬುಮಿನ್ ಎಲ್ಲರಿಗಿಂತ ಮುಂದೆ ಓಡಿ ದೊಡ್ಡ ಗುಡ್ಡವಾಗುತ್ತದೆ. ಆಮೇಲೆ ಸಣ್ಣ ಸಣ್ಣ ದಿಬ್ಬಗಳು. ಕಟ್ಟಕಡೆಗೆ ಕಾವಲುಗಾರರ ದಿಬ್ಬ. ಅದು ಲಾರಿಯಿಂದ ಸುರಿದ ಮರಳಿನ ಹಾಗೆ ತಗ್ಗಾಗಿ, ಅಗಲವಾಗಿ ಹರಡಿಕೊಂಡಿರಬೇಕು. ಸಾವಿರ ಥರದ ಕಾವಲುಗಾರರು ಇರುವುದರಿಂದ ಹಾಗೆ.

ನನ್ನ ಚಿತ್ರದಲ್ಲಿ ಮರಳಿನ ನಡುವೆ ಒಂದು ಕ್ರೇನ್ ನಿಂತಿತ್ತು. ತೆಳ್ಳಗೆ, ನೆಟ್ಟಗೆ, ಚೂಪಾಗಿ.

ಅದನ್ನು ನೋಡಿ ನನಗೆ ಮೊದಲು ಅನಿಸಿದ್ದು ಚೆನ್ನಾಗಿ ನಿಲ್ಲಿಸಿದ್ದಾರೆ ಎಂದು. ಅಭ್ಯಾಸಬಲ.

ಡಾಕ್ಟರಮ್ಮ ಪೆನ್ನಿನ ತುದಿಯನ್ನು ಅದರ ನೆತ್ತಿಗೆ ಮುಟ್ಟಿಸಿದರು. ಮೂಳೆಯ ಒಳಗಿನ ಮಜ್ಜೆಯಲ್ಲಿ ಒಂದೇ ಕುಲದ ಕಣಗಳು ಸೇರಿಕೊಂಡು, ಒಂದೇ ಥರದ ಪ್ರೋಟೀನನ್ನು ಬೇಕಿಲ್ಲದಿದ್ದರೂ ತಯಾರಿಸುತ್ತಿವೆಯಂತೆ. ಎಷ್ಟೋ ಜನರಲ್ಲಿ ಅವು ಸುಮ್ಮನೆ ಇದ್ದುಬಿಡುತ್ತವೆ. ಕೆಲವರಲ್ಲಿ ಅದು ಮಜ್ಜೆಯ ಕ್ಯಾನ್ಸರ್. ಮೂಳೆ ತಿನ್ನುತ್ತದೆ, ಕಿಡ್ನಿ ಕೆಡಿಸುತ್ತದೆ.

“ನಂದು ಯಾವುದು?”

“ಸೊಂಟದ ಮೂಳೆಯಿಂದ ಸ್ವಲ್ಪ ಮಜ್ಜೆ ತೆಗೆದು ನೋಡಬೇಕು. ಎಕ್ಸ್‌ರೇ, ಕ್ಯಾಲ್ಸಿಯಂ, ಕಿಡ್ನಿ ಎಲ್ಲಾ ನೋಡ್ತೀವಿ. ಗುರುವಾರ ಬನ್ನಿ. ಜೊತೆಗೆ ಒಬ್ಬರನ್ನ ಕರ್ಕೊಂಡು ಬರಬೇಕು, ಒಬ್ಬರೇ ಬಂದ್ರೆ ಮಾಡಲ್ಲ.”

“ಅವತ್ತು ಕಣ್ಣು ಕತ್ತಲೆ ಬಂದಿದ್ದು ಇದರಿಂದಾನಾ?”

“ಅಲ್ಲ, ಅದು ನೀರಿಲ್ಲದ್ದಕ್ಕೆ. ಅದನ್ನ ಹುಡುಕೋಕೆ ಹೋಗಿ ಇದು ಸಿಕ್ಕಿತು.”

ಅಂದರೆ ತುತ್ತೂರಿ ಚಾಡಿ ಹೇಳದಿದ್ದರೆ ನನಗೆ ಈ ಕ್ರೇನಿನ ಸುದ್ದಿಯೇ ಗೊತ್ತಾಗುತ್ತಿರಲಿಲ್ಲ. ನೆಮ್ಮದಿಯಾಗಿ ಇರುತ್ತಿದ್ದೆ. ಅವನ ಬಾಯಿಗೆ ಕಾಂಕ್ರೀಟು ತುಂಬಬೇಕು.

ಮಾರ್ಚ್ ೨೪, ಸೋಮವಾರ

ಬೆನ್ನು ನೋಯುತ್ತಿದೆ. ಮುಂಚೆಯೂ ನೋಯುತ್ತಿತ್ತು. ಆಗ ಅದು ಬೆನ್ನುನೋವಾಗಿತ್ತು.

ಮಾರ್ಚ್ ೨೫, ಮಂಗಳವಾರ

ಅಕ್ಕನಿಗೆ “ಎಲ್ಲಾ ಸರಿಯಿದೆ, ಸಹಿ ಒಂದು ಬಾಕಿ” ಎಂದಿದ್ದೇನೆ. ಅವಳು ಮೊಟ್ಟೆ ವಾಪಸ್ ಕೊಟ್ಟಳು. ತಿಂದೆ. ರುಚಿ ಇರಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಗೊತ್ತು. ಮೊದಲು ಡಾಕ್ಟರಮ್ಮನನ್ನು, ಆಮೇಲೆ ಆಸ್ಪತ್ರೆಯನ್ನು, ಕೊನೆಗೆ ನನ್ನನ್ನು ಹರಿದು ಉಲ್ಟಾ ಹೊಲಿಯುತ್ತಾಳೆ. ಅದನ್ನಾದರೂ ಸಹಿಸಬಹುದು. ಹೊಲಿಯದೆ ಸುಮ್ಮನೆ ಕೂತುಬಿಟ್ಟರೆ?

ಸಂಜೆ ಬಾಗಿಲು ಬಡಿದ ಸದ್ದಾಯಿತು. ತುತ್ತೂರಿ! ಕಂಕುಳಲ್ಲಿ ನನ್ನ ಕ್ಯಾಬಿನ್ನಿನ ದಿಂಬು.

“ಹೊಸಬ ಎಸೀತಾ ಇದ್ದ ಅಣ್ಣ. ಎತ್ಕೊಂಡು ಬಂದೆ.”

“ಅಲ್ಲೇ ಇಟ್ಟು ಹೋಗು.”

“ಅವನಿಗೆ ಕೈ ಹದ ಇಲ್ಲ. ‘ಸ್ವಲ್ಪ’ ಅಂದ್ರೆ ಒಂದು ಮಾರು ಇಳಿಸ್ತಾನೆ. ನೀನು ಯಾವಾಗ ಬರ್ತೀಯ?”

“ನಿನ್ನ ಸಾಹೇಬನ್ನ ಕೇಳು.”

ಅವನು ಹೋಗಲಿಲ್ಲ. ದಿಂಬಿನ ಧೂಳು ಕೊಡವುತ್ತಾ ಹೊಸ್ತಿಲಲ್ಲೇ ನಿಂತ. ಒಳಗೆ ಮಷೀನಿನ ಸದ್ದು ಜೋರಾಗಿತ್ತು, ಅಕ್ಕನಿಗೆ ಏನೂ ಕೇಳಿಸುವಂತಿರಲಿಲ್ಲ. ಗುರುವಾರಕ್ಕೆ ಒಬ್ಬ ಮನುಷ್ಯ ಬೇಕಿತ್ತು, ಯಾರಾದರೂ ಸರಿ. ಆಸ್ಪತ್ರೆಯ ನಿಯಮದಲ್ಲಿ ಆ ಮನುಷ್ಯ ಒಳ್ಳೆಯವನಿರಬೇಕು ಎಂದೇನೂ ಇಲ್ಲ.

“ಗುರುವಾರ ರಜೆ ಹಾಕೋಕಾಗುತ್ತಾ?” ಎಂದೆ. ಯಾಕೆಂದು ಹೇಳಿದೆ. ಹೇಳುವಾಗ ಬೈಗುಳದ ದನಿಯಲ್ಲೇ ಹೇಳಿದೆ.

ಅವನು ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದ. “ಬರ್ತೀನಿ.”

ಮಾರ್ಚ್ ೨೭, ಗುರುವಾರ

ಬೋರಲು ಮಲಗಿಸಿದರು. ಸೊಂಟಕ್ಕೆ ಮರಗಟ್ಟಿಸುವ ಸೂಜಿ ಚುಚ್ಚಿದರು. ನೋವಾಗಲ್ಲ ಎಂದರು. ಆಮೇಲೆ ಇನ್ನೊಂದು ಸೂಜಿಯಿಂದ ಮಜ್ಜೆ ಎಳೆದರು, ಸ್ವಲ್ಪ ನೋವಾಗುತ್ತೆ ಎಂದರು. ಎರಡನೆಯ ಮಾತಿನ ‘ಸ್ವಲ್ಪ’ ಆ ಹೊಸ ಆಪರೇಟರನ ‘ಸ್ವಲ್ಪ’ದ ಜಾತಿಗೆ ಸೇರಿದ್ದು. ಒಳಗಿನಿಂದ ಯಾರೋ ನನ್ನ ಕಾಲನ್ನೇ ಹೀರಿಕೊಂಡಂತಾಯಿತು.

ಪರದೆಯ ಆಚೆ ತುತ್ತೂರಿ ನರ್ಸಿನ ಜೊತೆ ಜಗಳ ಕಾಯುತ್ತಿದ್ದ.

“ಇನ್ನೂ ಎಷ್ಟು ಹೊತ್ತು ಮೇಡಂ? ಕೂಗ್ತಿದಾರೆ ಅವರು!”

“ಕೂಗ್ತಿಲ್ಲ ರೀ, ಬೈತಿದಾರೆ.”

“ಯಾರನ್ನ?”

“ಯಾರೋ ತುತ್ತೂರಿ ಅಂತೆ.”

“ಹಾಗಾದ್ರೆ ಪರವಾಗಿಲ್ಲ,” ಎಂದ. ನಾನಿಟ್ಟ ಈ ಹೆಸರು ಅವನಿಗೆ ಗೊತ್ತಿತ್ತು ಎಂಬುದು ನನಗೆ ಇವತ್ತೇ ಗೊತ್ತಾದದ್ದು.

ಮನೆಯವರೆಗೂ ಬಂದ. ಬೇಡವೆಂದರೂ ತೋಳು ಬಿಡಲಿಲ್ಲ. ನಾನು ಒಂದು ಕಡೆಗೆ ವಾಲಿಕೊಂಡು ನಡೆಯುವುದನ್ನು ಅಕ್ಕ ಬಾಗಿಲಲ್ಲಿ ನೋಡಿದಳು.

“ಏನಾಯ್ತೋ?”

“ಜಾರಿಬಿದ್ದೆ.”

“ಜಾರಲಿಲ್ಲ ಅಕ್ಕಾ,” ಎಂದ ತುತ್ತೂರಿ. ಅಷ್ಟೂ ಹೇಳಿದ. ಆಲ್ಬುಮಿನ್, ಗ್ಲಾಬ್ಯುಲಿನ್, ಮೂಳೆ, ಮಜ್ಜೆ, ಒಂದು ಅಕ್ಷರ ಬಿಡದೆ, ಆ ಗಂಟಲಿನಲ್ಲಿ. ಎದುರು ಮನೆಯವರಿಗೂ ನನ್ನ ರಕ್ತದ ಸಮಾಚಾರ ಈಗ ಬಾಯಿಪಾಠ. ಒಂದೇ ತಿಂಗಳಲ್ಲಿ ಎರಡು ಚಾಡಿ! ನಾಯಿಗೂ ಇಷ್ಟು ಧೈರ್ಯ ಇರುವುದಿಲ್ಲ.

ಅಕ್ಕ ನನ್ನನ್ನು ಹರಿಯಲಿಲ್ಲ. ಮಷೀನಿನ ಮುಂದೆ ಹೋಗಿ ಕೂತಳು. ಕಾಲು ಪೆಡಲಿನ ಮೇಲಿತ್ತು, ತುಳಿಯಲಿಲ್ಲ. ಬೆನ್ನು ತಿರುಗಿಸಿಕೊಂಡೇ ಹೇಳಿದಳು:

“ನಾನು ಬರ್ತಿದ್ದೆನಲ್ಲೋ. ಬ್ಯಾಂಡೇಜಿನ ರಕ್ತ ನೋಡಿದ್ರೆ ಸಾಯ್ತೀನಾ ನಾನು? ಊರವನನ್ನ ಕರ್ಕೊಂಡು ಹೋಗಿದೀಯ.”

“ಊರವನಲ್ಲ ಅಕ್ಕಾ, ಸೈಟಿನವನು,” ಎಂದ ಆ ಮುಠ್ಠಾಳ.

ಅವಳು ಎದ್ದು ಅವನಿಗೆ ಟೀ ಮಾಡಿಕೊಟ್ಟಳು. ನನಗೆ ನೀರು ಕೊಟ್ಟಳು.

ಏಪ್ರಿಲ್ ೨, ಬುಧವಾರ

ರಿಪೋರ್ಟು ಬಂದಿಲ್ಲ. ಅಕ್ಕ ಬೆಳಿಗ್ಗೆಯಿಂದ ಮೂರು ಅಂಗಿಗೆ ತೋಳು ಉಲ್ಟಾ ಹೊಲಿದಳು. ನಾನು ಬಿಚ್ಚಿಕೊಟ್ಟೆ.

ಏಪ್ರಿಲ್ ೭, ಸೋಮವಾರ

ಡಾಕ್ಟರಮ್ಮನ ಕೋಣೆಯಲ್ಲಿ ರೋಗಿಗೆ ಒಂದು, ಜೊತೆಯವರಿಗೆ ಒಂದು ಕುರ್ಚಿ. ರೋಗಿ ನಿಂತಿದ್ದ. ಅಕ್ಕ ಮತ್ತು ತುತ್ತೂರಿ ಕೂತಿದ್ದರು. ಇಬ್ಬರಲ್ಲಿ ಯಾರು ಜೊತೆಗೆ ಬರಬೇಕೆಂದು ಬಸ್ ಸ್ಟಾಪಿನಲ್ಲಿ ಜಗಳವಾಗಿ, ಕೊನೆಗೆ ಇಬ್ಬರೂ ಬಂದಿದ್ದರು.

ಕ್ಯಾನ್ಸರ್ ಅಲ್ಲ. ಮಜ್ಜೆಯಲ್ಲಿ ಆ ಕುಲದ ಕಣಗಳು ಇವೆ, ಆದರೆ ಕಮ್ಮಿ ಇವೆ. ಮೂಳೆಗಳು ಗಟ್ಟಿಯಾಗಿವೆ. ಕಿಡ್ನಿ, ಕ್ಯಾಲ್ಸಿಯಂ ಸರಿಯಿವೆ. ಬೆನ್ನುನೋವು ಬರೀ ಬೆನ್ನುನೋವು. ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಗೂಡ್ಸ್ ರೈಲಿನಷ್ಟು ಉದ್ದದ ಹೆಸರಿದೆ. ಅರ್ಥ ಕೇಳಿದೆ. ‘ಮಹತ್ವ ಇನ್ನೂ ತೀರ್ಮಾನವಾಗಿಲ್ಲ’ ಎನ್ನುವುದು ಹೆಸರಿನಲ್ಲೇ ಸೇರಿದೆಯಂತೆ. ನನ್ನ ಇಷ್ಟು ವರ್ಷದ ಸೇವೆಗೂ ಕಂಪನಿಯವರು ಅದೇ ಹೆಸರಿಟ್ಟಿದ್ದಾರೆ.

“ಹಾಗಾದ್ರೆ ಗುಣ ಆಯ್ತಾ?” ಎಂದಳು ಅಕ್ಕ.

“ರೋಗವೇ ಅಲ್ಲದ್ದಕ್ಕೆ ಗುಣ ಅನ್ನೋದಿಲ್ಲಮ್ಮ. ಆದ್ರೆ ಅದು ಹೋಗೋದೂ ಇಲ್ಲ. ಇಂಥವರು ನೂರು ಜನ ಇದ್ರೆ, ವರ್ಷಕ್ಕೆ ಒಬ್ಬರಲ್ಲಿ ಅದು ಮುಂದಕ್ಕೆ ಹೋಗುತ್ತೆ. ಯಾರಲ್ಲಿ ಅಂತ ಮೊದಲೇ ಹೇಳೋಕಾಗಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ನೋಡ್ತಾ ಇರಬೇಕು.”

“ಎಲ್ಲೀವರೆಗೆ?” ಎಂದೆ.

“ಇರೋವರೆಗೂ.”

ಫಿಟ್, ಇಲ್ಲವೇ ಅನ್‌ಫಿಟ್. ಈ ಎರಡೇ ಪದ ನನಗೆ ಗೊತ್ತಿದ್ದದ್ದು. ಹೊರೆ ಕೊಕ್ಕೆಯಲ್ಲಿದೆ, ಇಲ್ಲವೇ ನೆಲದ ಮೇಲಿದೆ. ಇವರು ಹೇಳುತ್ತಿರುವುದು ಮೂರನೆಯದು: ಹೊರೆ ಮೇಲೇ ಇದೆ, ಬೀಳಬಹುದು, ಬೀಳದೆಯೂ ಇರಬಹುದು, ಕೆಳಗೆ ಓಡಾಡಿಕೊಂಡಿರಿ. ಈ ಹೆಂಗಸಿಗೆ ಬೈಯೋಣವೆಂದು ಬಾಯಿ ತೆರೆದೆ. “ಆರು ತಿಂಗಳು ಅಂದ್ರೆ ಅಕ್ಟೋಬರ್ ಅಲ್ವಾ ಮೇಡಂ?” ಎಂದುಬಿಟ್ಟಿತು ಬಾಯಿ.

ಸಹಿ ಹಾಕಿದರು. ಷರತ್ತು ಒಂದೇ: ಕೆಲಸದ ದಿನವೂ ನೀರು ಕುಡಿಯಬೇಕು, ಇಳಿಯಬೇಕಾದಾಗ ಇಳಿಯಬೇಕು. ಅದನ್ನೂ ಕೈಬರಹದಲ್ಲಿ ಕೆಳಗೆ ಸೇರಿಸಿ ಇನ್ನೊಂದು ಸಹಿ ಹಾಕಿದರು. ಹೆಲ್ಮೆಟ್ ಅದನ್ನು ಓದುವಾಗಿನ ಮುಖ ನೋಡಬೇಕು. ಅದೊಂದು ಸಂತೋಷ ಉಳಿದಿದೆ.

ಏಪ್ರಿಲ್ ೯, ಬುಧವಾರ

ಬೆಳಿಗ್ಗೆ ಏಣಿ ಮುಟ್ಟಿದೆ. ಐದು ವಾರದಲ್ಲಿ ಅದನ್ನು ಯಾರೋ ಉದ್ದ ಮಾಡಿದ್ದಾರೆ.

ಕ್ರೇನಿನ ಕಂಬದೊಳಗೆ ಅಲ್ಲಲ್ಲಿ ಕಾಲಿಡಲು ಸಣ್ಣ ಕಟ್ಟೆಗಳಿರುತ್ತವೆ. ಹಿಂದೆ ಅವುಗಳನ್ನು ಕಣ್ಣೆತ್ತಿಯೂ ನೋಡದೆ ಹತ್ತುತ್ತಿದ್ದೆ, ಅವು ಹೊಸಬರಿಗೆ ಮಾಡಿದ್ದು. ಇಂದು ಅರ್ಧ ದಾರಿ ಹತ್ತುವಷ್ಟರಲ್ಲಿ ಸೂಜಿ ಹೊಕ್ಕ ಸೊಂಟ ಹಿಡಿದುಕೊಂಡಿತು, ಉಸಿರು ಮೇಲೆ ಸಿಕ್ಕಿಕೊಂಡಿತು. ಒಂದು ಕಟ್ಟೆಯ ಮೇಲೆ ಕೂತೆ. ಕೆಳಗೆ ಲಾರಿ ಬಂದು ನಿಂತದ್ದು ಕಾಣುತ್ತಿತ್ತು.

ವಾಕಿಟಾಕಿಯಲ್ಲಿ ಹೆಲ್ಮೆಟ್ಟಿನ ದನಿ: “ಆಪರೇಟರ್ ಎಲ್ಲಿ? ಇನ್ನೂ ಯಾಕೆ ಸ್ಟಾರ್ಟ್ ಆಗಿಲ್ಲ?”

ತುತ್ತೂರಿ ತಲೆ ಎತ್ತಿ ನೇರವಾಗಿ ನನ್ನನ್ನೇ ನೋಡಿದ. ನಾನು ಕೂತಿದ್ದು ಅವನಿಗೆ ಚೆನ್ನಾಗಿ ಕಂಡಿತು. ಗುಂಡಿ ಒತ್ತಿದ.

“ನಾನೇ ನಿಲ್ಲಿಸಿದೀನಿ ಸಾರ್. ಕೊಕ್ಕೆಗೆ ಹಗ್ಗ ಸುತ್ಕೊಂಡಿದೆ, ಬಿಡಿಸ್ತಿದೀನಿ.”

ಕೊಕ್ಕೆ ಅವನ ಎದುರಿಗೇ ನೇತಾಡುತ್ತಿತ್ತು. ಅದರಲ್ಲಿ ಹಗ್ಗದ ಒಂದು ಎಳೆಯೂ ಇರಲಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಇವನು ‘ಸಾಕು’ ಎಂದರೆ ಸಾಕು ಎಂದು ನಂಬಿ, ಕಾಣದ ಮೂಲೆಗಳಿಗೆ ಟನ್ನುಗಟ್ಟಲೆ ಭಾರ ಇಳಿಸಿದವನು ನಾನು. ಆ ಮೂಲೆಗಳಲ್ಲಿ ಜನ ಇರುತ್ತಿದ್ದರು. ಇವನ ವಾಕಿಟಾಕಿಯಲ್ಲಿ ಇವತ್ತಿನವರೆಗೆ ಒಂದೇ ಒಂದು ಸುಳ್ಳು ಬಂದಿರಲಿಲ್ಲ. ಚಾಡಿ ಬಂದಿತ್ತು, ಸುಳ್ಳು ಬಂದಿರಲಿಲ್ಲ. ಅದನ್ನು ನನ್ನ ಸೊಂಟಕ್ಕಾಗಿ ಕೆಡಿಸುತ್ತಾನೆಯೇ ಈ ದರಿದ್ರದವನು?

ಗುಂಡಿ ಒತ್ತಿದೆ. ಆ ಚಾನೆಲ್ಲಿನಲ್ಲಿ ನಾನು ಆಡುವುದು ಇಡೀ ಸೈಟಿಗೆ ಕೇಳಿಸುತ್ತದೆ: ಕಂಬಿ ಕಟ್ಟುವವರಿಗೆ, ವೆಲ್ಡಿಂಗಿನವರಿಗೆ, ಗೇಟಿನವನಿಗೆ, ಲಾರಿಯವನಿಗೆ.

“ಹಗ್ಗ ಇಲ್ಲ, ಏನೂ ಇಲ್ಲ. ಅವನು ಸುಳ್ಳು ಹೇಳ್ತಿದಾನೆ. ನಾನು ಅರ್ಧಕ್ಕೆ ಕೂತಿದೀನಿ. ಸುಸ್ತಾಗಿದೆ, ಕಾಲು ನಡುಗ್ತಿದೆ. ಸ್ವಲ್ಪ ಹೊತ್ತು ಬೇಕು. ಹತ್ತೋಕಾದ್ರೆ ಹತ್ತೀನಿ, ಆಗದಿದ್ರೆ ಇಳೀತೀನಿ. ಯಾವುದು ಅಂತ ನಾನೇ ಹೇಳ್ತೀನಿ.”

ವಾಕಿಟಾಕಿ ಗೊರಗೊರ ಎಂದಿತು. ಆಮೇಲೆ ಹೆಲ್ಮೆಟ್: “ಸರಿ. ಲಾರಿ ಕಾಯುತ್ತೆ.”

ತುತ್ತೂರಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲೆ ನೋಡುತ್ತಿದ್ದ. ಅವನ ಪಕ್ಕ ಇನ್ನೂ ನಾಲ್ಕಾರು ಜನ ಬಂದು ನಿಂತು ನೋಡತೊಡಗಿದರು. ಸಂಜೆ ಇಳಿದ ಮೇಲೆ ಅವನಿಗೆ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಾ, ಅಷ್ಟೂ ಜನರ ಕಣ್ಣೆದುರಿಗೆ, ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ಕಾಲು ಚಾಚಿ ಕೂತೆ.